ಸಸಿ ಹೇರಿಕೊಂಡು ಘಟ್ಟ ಇಳಿಯುವಾಗ ಬ್ರೇಕ್ ವಾಸನೆ: ಪ್ಯಾಡ್ ಬದಲಿಸಿದರೆ ಸಾಕಾ?

ಪಿಕಪ್ ತುಂಬ ಸಸಿ ಹಾಕಿಕೊಂಡು ಘಟ್ಟದ ಆಚೆ ಬದಿಗೆ ಹೋಗಬೇಕು, ಹೋದ ಸಲ ಇಳಿಜಾರಿನಲ್ಲಿ ಸುಟ್ಟ ವಾಸನೆ ಬಂದಿತ್ತು, ಹೊಸ ಪ್ಯಾಡ್ ಹಾಕಿಸಿದರೆ ಸಾಕಾ ಅಂತ ಕೇಳಿದ್ದೀರಿ. ಸವೆದಿದ್ದರೆ ಹಾಕಿಸಲೇಬೇಕು. ಆದರೆ ಇಳಿಯುವ ರೀತಿ ಬದಲಾಗದಿದ್ದರೆ ಹೊಸ ಪ್ಯಾಡೂ ಅದೇ ವಾಸನೆ ಕೊಡುತ್ತದೆ.

ಲೆಕ್ಕ ನೋಡಿ. ಲೋಡ್ ಸೇರಿ 3 ಟನ್ ತೂಗುವ ಗಾಡಿ 1000 ಮೀಟರ್ ಎತ್ತರದಿಂದ ಕೆಳಗೆ ಬಂದರೆ ಹೊರಬೀಳುವ ಶಕ್ತಿಯಲ್ಲಿ 85 ಲೀಟರಿಗಿಂತ ಜಾಸ್ತಿ ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಬಹುದು. ಗಾಳಿ, ಟಯರ್ ಸ್ವಲ್ಪ ತಿನ್ನುತ್ತವೆ. ಉಳಿದದ್ದನ್ನು ಎಂಜಿನ್ ತಡೆಯಬೇಕು, ಇಲ್ಲವೇ ಬ್ರೇಕ್ ನುಂಗಬೇಕು. ಅಷ್ಟು ಬಿಸಿಯನ್ನು ನಾಲ್ಕು ಚಕ್ರದ ಬ್ರೇಕ್ ಮೇಲೆ ಹಾಕಿದರೆ ವಾಸನೆ ಬರದೆ ಇನ್ನೇನು!

ಕೆಳಗಿನ ಗೇರಿನಲ್ಲಿದ್ದಷ್ಟೂ ಎಂಜಿನ್ ಗಾಡಿಯನ್ನು ಹೆಚ್ಚು ತಡೆಯುತ್ತದೆ. ಹಾಗಾಗಿ ಇಳಿಜಾರು ಶುರುವಾಗುವ ಮೊದಲೇ, ನೆತ್ತಿಯಲ್ಲೇ ಗೇರ್ ಇಳಿಸಿ. ವೇಗ ಏರಿದ ಮೇಲೆ ಕೆಳಗಿನ ಗೇರ್ ಹಾಕಲು ಹೋದರೆ ಅದು ಕೂರದೇ ಇರಬಹುದು, ಆಗ ಗಾಡಿ ನ್ಯೂಟ್ರಲ್‌ನಲ್ಲಿ ಸಿಕ್ಕಿಕೊಳ್ಳುತ್ತದೆ. ಹತ್ತಿದ ಗೇರಿನಲ್ಲೇ ಇಳಿಯಿರಿ ಅನ್ನುವ ಹಳೆಯ ಮಾತು ಹಳೆಯ ಗಾಡಿಗಳಿಗೆ ಸರಿಹೋಗುತ್ತಿತ್ತು. ಈಗಿನ ಟರ್ಬೊ ಎಂಜಿನ್‌ಗಳು ಲೋಡ್ ಇದ್ದರೂ ಮೇಲಿನ ಗೇರಿನಲ್ಲೇ ಹತ್ತಿಬಿಡುತ್ತವೆ. ಅದಕ್ಕೇ ಒಂದು ಗೇರ್ ಕೆಳಗೇ ಇರಿ ಅಂತ ನಾನು ಹೇಳುತ್ತೇನೆ. ಎಂಜಿನ್ ಸ್ವಲ್ಪ ಕೂಗಲಿ, ಆರ್‌ಪಿಎಂ ಕೆಂಪು ಗೆರೆ ದಾಟದಿದ್ದರೆ ಸಾಕು.

ಡೀಸೆಲ್ ಉಳಿಸಲು ನ್ಯೂಟ್ರಲ್‌ನಲ್ಲಿ ಇಳಿಯುವವರು ಇನ್ನೂ ಇದ್ದಾರೆ. ಉಳಿಯುವುದೂ ಇಲ್ಲ! ಈಗಿನ ಇಂಜೆಕ್ಷನ್ ಎಂಜಿನ್‌ನಲ್ಲಿ ಗೇರ್ ಇಟ್ಟು ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ಇಂಧನ ಪೂರ್ತಿ ನಿಲ್ಲುತ್ತದೆ. ನ್ಯೂಟ್ರಲ್‌ನಲ್ಲಾದರೆ ಎಂಜಿನ್ ಆರದಿರಲು ಡೀಸೆಲ್ ಹೋಗುತ್ತಲೇ ಇರುತ್ತದೆ. ಎಂಜಿನ್ ಆಫ್ ಮಾಡಿ ಇಳಿಯುವುದಂತೂ ಬೇಡವೇ ಬೇಡ. ಬ್ರೇಕ್ ಒತ್ತುವಾಗ ಕಾಲಿಗೆ ಬಲ ಸೇರಿಸುವ ಬೂಸ್ಟರ್‌ನಲ್ಲಿ ಉಳಿದ ವ್ಯಾಕ್ಯೂಮ್ ಎರಡು ಮೂರು ಸಲ ಒತ್ತುವಷ್ಟರಲ್ಲಿ ಖಾಲಿ.

ಇನ್ನು ಬ್ರೇಕ್ ಒತ್ತುವ ಬಗೆ. ಉದ್ದಕ್ಕೂ ಪೆಡಲ್ ಮೇಲೆ ಹಗುರವಾಗಿ ಕಾಲಿಟ್ಟುಕೊಂಡು ಇಳಿಯಬೇಡಿ. ಆ ದಾರಿಗೆ ಸರಿಯಾದ ವೇಗ 40 ಅಂತಿಟ್ಟುಕೊಳ್ಳಿ. 40 ಮುಟ್ಟಿದಾಗ ಗಟ್ಟಿಯಾಗಿ ಒತ್ತಿ 30ರ ಹತ್ತಿರ ತನ್ನಿ, ಪೂರ್ತಿ ಬಿಡಿ. ಮತ್ತೆ 40 ಬಂದಾಗ ಮತ್ತೆ ಒತ್ತಿ. ಬಿಟ್ಟಾಗ ಡ್ರಮ್ಮಿಗೂ ಡಿಸ್ಕಿಗೂ ಉಸಿರಾಡಲು ಸಮಯ ಸಿಗುತ್ತದೆ. ಪದೇ ಪದೇ ಒತ್ತಬೇಕಾಗಿ ಬಂದರೆ ಗೇರ್ ಇನ್ನೂ ಒಂದು ಕೆಳಗಿರಬೇಕಿತ್ತು ಅಂತ ಅರ್ಥ.

ವಾಸನೆ ಬಂದರೆ ಪೆಡಲ್ ಏನು ಹೇಳುತ್ತಿದೆ ಗಮನಿಸಿ. ಪೆಡಲ್ ಗಟ್ಟಿಯಾಗೇ ಇದ್ದು ಗಾಡಿ ಹಿಡಿಯದಿದ್ದರೆ ಪ್ಯಾಡ್ ಕಾದಿದೆ. ಪೆಡಲ್ ಮೆತ್ತಗಾಗಿ ಒಳಗೆ ಹೋಗುತ್ತಿದ್ದರೆ ಬ್ರೇಕ್ ಆಯಿಲ್ ಕುದಿದು ಆವಿಯಾಗಿದೆ. ಇದು ಹೆಚ್ಚು ಅಪಾಯ. ಬೇಗ ಬೇಗ ಪಂಪ್ ಮಾಡಿದರೆ ಸ್ವಲ್ಪ ಒತ್ತಡ ಮರಳಬಹುದು, ಅಷ್ಟರಲ್ಲಿ ಗೇರ್ ಇಳಿಸಿ. ನಿಲ್ಲಿಸಲೇಬೇಕಾದರೆ ಕಣಿವೆಯ ಕಡೆ ಅಲ್ಲ, ಗುಡ್ಡದ ಕಡೆಗೆ.

ಬ್ರೇಕ್ ಆಯಿಲ್ ವಿಷಯ ಯಾರೂ ಕೇಳುವುದಿಲ್ಲ, ನೀವು ಕೇಳದಿದ್ದರೂ ಹೇಳುತ್ತೇನೆ. ಅದು ಗಾಳಿಯ ತೇವ ಹೀರಿಕೊಳ್ಳುತ್ತದೆ. ಡಾಟ್ 3 ಅನ್ನುವ ಗ್ರೇಡಿನ ಆಯಿಲ್ ಹೊಸದಿದ್ದಾಗ ಕನಿಷ್ಠ 205 ಡಿಗ್ರಿವರೆಗೆ ಕುದಿಯಬಾರದು, ತೇವ ಸೇರಿದ ಮೇಲೆ ಆ ಮಿತಿ 140ಕ್ಕೆ ಬರುತ್ತದೆ. ಡಾಟ್ 4ಕ್ಕೆ 230 ಮತ್ತು 155. ಅಂದರೆ ನೋಡಲು ತುಂಬಿರುವ ಡಬ್ಬಿಯೂ ಹಳೆಯದಾಗಿದ್ದರೆ ನಂಬಬೇಡಿ. ಹಿಂದೆ ಯಾವಾಗ ಬದಲಿಸಿದ್ದು ಅಂತ ನೆನಪಿಲ್ಲದಿದ್ದರೆ ಪ್ಯಾಡ್‌ಗಿಂತ ಮೊದಲು ಇದನ್ನು ಮಾಡಿಸಿ. ಗಾಡಿಯ ಪುಸ್ತಕ ಹೇಳಿದ ಗ್ರೇಡ್ ಮಾತ್ರ.

ನಿಂತಾಗ ಕಾದ ಡ್ರಮ್ಮಿಗೆ ನೀರು ಸುರಿಯಬೇಡಿ, ಬಿರುಕು ಬಿಡಬಹುದು. ಹ್ಯಾಂಡ್‌ಬ್ರೇಕ್ ಎಳೆದೂ ಇಡಬೇಡಿ. ಗೇರ್‌ನಲ್ಲಿಟ್ಟು, ಚಕ್ರಕ್ಕೆ ದೊಡ್ಡ ಕಲ್ಲು ಕೊಟ್ಟು, ತಾನಾಗಿ ತಣ್ಣಗಾಗಲು ಬಿಡಿ. ಹೊರಡುವಾಗ ಕಲ್ಲು ತೆಗೆದು ಪಕ್ಕಕ್ಕೆ ಹಾಕಿ. ಎಷ್ಟೋ ಜನ ರಸ್ತೆ ಮಧ್ಯದಲ್ಲೇ ಬಿಟ್ಟು ಹೋಗುತ್ತಾರೆ, ರಾತ್ರಿ ಬೈಕಿನವರ ಗತಿ ಏನು?

ಹತ್ತುವುದು ಅಷ್ಟು ತಲೆನೋವಲ್ಲ. ಟೆಂಪರೇಚರ್ ಮುಳ್ಳು ಏರಿದರೆ ಎಸಿ ಆಫ್ ಮಾಡಿ ಹೀಟರ್ ಹಾಕಿ. ಕ್ಯಾಬಿನ್‌ನಲ್ಲಿ ಬೆವರಿಳಿಯುತ್ತದೆ, ಎಂಜಿನ್ ಉಳಿಯುತ್ತದೆ. ಹೇರ್‌ಪಿನ್ ತಿರುವಿನಲ್ಲಿ ಉದ್ದನೆಯ ಲಾರಿ ಕಂಡರೆ ತಿರುವಿಗೆ ಮೊದಲೇ ನಿಲ್ಲಿ. ಅದರ ಹಿಂದಿನ ಚಕ್ರ ಮುಂದಿನ ಚಕ್ರಕ್ಕಿಂತ ಒಳಗೆ ಸಾಗುತ್ತದೆ, ಹಾಗಾಗಿ ಅದಕ್ಕೆ ಪೂರ್ತಿ ರಸ್ತೆ ಬೇಕು. ಇಳಿಯುವಾಗ ಹತ್ತುವವರಿಗೆ ದಾರಿ ಬಿಡಿ, ಲೋಡ್ ಗಾಡಿ ಏರಿನಲ್ಲಿ ನಿಂತರೆ ಮತ್ತೆ ಎತ್ತುವುದು ಕಷ್ಟ.

ಸಸಿಗೆ ಬರೋಣ. ಹೊರಡುವ ಹೊತ್ತಿಗೆ ನೀರು ಹಾಕಬೇಡಿ, ಹಿಂದಿನ ದಿನವೇ ಹಾಕಿ. ಒದ್ದೆ ಮಣ್ಣಿನ ಚೀಲಗಳು ಬೇಕಿಲ್ಲದ ತೂಕ, ಆ ತೂಕವನ್ನೂ ಬ್ರೇಕೇ ಹೊರಬೇಕಲ್ವಾ? ಭಾರದ ಚೀಲಗಳು ಕೆಳಗೆ, ಒಂದಕ್ಕೊಂದು ತಾಗಿಕೊಂಡಿರಲಿ, ತಿರುವಿನಲ್ಲಿ ಜರುಗಬಾರದು. ಮೇಲೆ ಬಿಗಿಯಾದ ಪ್ಲಾಸ್ಟಿಕ್ ಬೇಡ, ನೆರಳು ಬಲೆ ಕಟ್ಟಿ. ಮಳೆಗಾಳಿ ಹೊಡೆಯುವ ಬದಿ ಒದ್ದೆಯಾಗಿದ್ದರೂ ಆಚೆ ಬದಿಯಲ್ಲಿ ಒಣಗಾಳಿ ಇರುವುದು ಸಾಮಾನ್ಯ. ಎಲೆ ಸುಡುವುದು ಅಲ್ಲೇ. ಸರಾಸರಿ 1000 ಮೀಟರಿಗೆ 6.5 ಡಿಗ್ರಿ ಚಳಿಯೂ ಏರುತ್ತದೆ, ಹಾಗಾಗಿ ಎಳೆ ಸಸಿಗಳನ್ನು ನೆತ್ತಿಯಲ್ಲಿ ರಾತ್ರಿಯಿಡೀ ನಿಲ್ಲಿಸಿಕೊಳ್ಳಬೇಡಿ. ಬೆಳಕಿರುವಾಗಲೇ ದಾಟುವುದು ಒಳ್ಳೆಯದು. ಮಂಜು ಬಂದರೆ ಡಿಮ್ ಲೈಟ್, ಹೈ ಬೀಮ್ ಕಣ್ಣಿಗೇ ಮರಳಿ ಹೊಡೆಯುತ್ತದೆ. ಗುಡ್ಡದಿಂದ ಸಣ್ಣ ಕಲ್ಲು ಉದುರುವ ಕಡೆ ಫೋಟೋಗೂ ನಿಲ್ಲಬೇಡಿ.

ನಿಮ್ಮ ಗಾಡಿ ಯಾವ ವರ್ಷದ್ದು, ಹಿಂದಿನ ಚಕ್ರಕ್ಕೆ ಡ್ರಮ್ ಬ್ರೇಕೋ ಡಿಸ್ಕ್ ಬ್ರೇಕೋ, ಹೋದ ಸಲ ವಾಸನೆ ಬಂದಾಗ ಪೆಡಲ್ ಮೆತ್ತಗಾಗಿತ್ತೋ ಇಲ್ಲವೋ ಬರೆಯಿರಿ. ಒಂದೇ ಚಕ್ರದಿಂದ ವಾಸನೆ ಬಂದಿದ್ದರೆ ಕಥೆ ಬೇರೆ, ಅಲ್ಲಿ ಪ್ಯಾಡನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್ ಜಾಮ್ ಆಗಿರಬಹುದು.