ಕಿಟ್ ವಿಮಾನದ ಬ್ರೇಕ್ ಪೆಡಲ್ ಮೆತ್ತಗಿದೆ, ಎರಡು ಸಲ ಏರ್ ತೆಗೆದರೂ ಸರಿಹೋಗಿಲ್ಲ. ಎಲ್ಲಿ ತಪ್ಪಾಗಿರಬಹುದು?

ನೀವು ಬರೆದಿದ್ದು ಓದಿದೆ. ಮನೆಯಲ್ಲೇ ಜೋಡಿಸುವ ಎರಡು ಸೀಟಿನ ಆರ್‌ವಿ-9ಎ ವಿಮಾನದ ಕಿಟ್, ಬ್ರೇಕ್ ಪೈಪ್ ಎಲ್ಲ ಕೂರಿಸಿ ಆಗಿದೆ. ಒಬ್ಬರು ಪೆಡಲ್ ಒತ್ತಿ, ಇನ್ನೊಬ್ಬರು ನಿಪ್ಪಲ್ ಬಿಚ್ಚಿ, ಕಾರಿಗೆ ಮಾಡುವ ಹಾಗೆ ಏರ್ ತೆಗೆದಿದ್ದೀರಿ. ಆದರೂ ಪೆಡಲ್ ಸ್ಪಂಜಿನ ಹಾಗೆ ಒಳಗೆ ಹೋಗುತ್ತಿದೆ. ಆಯಿಲ್ ಸಾಲದೆ ಬಂದರೆ ಕಾರಿನ ಬ್ರೇಕ್ ಆಯಿಲ್ ಸೇರಿಸಬಹುದಾ ಅಂತಲೂ ಕೇಳಿದ್ದೀರಿ. ನಾನು ಓಹಾಯೋದಲ್ಲಿರುವ ನಮ್ಮ ಮನೆಯ ಗ್ಯಾರೇಜ್‌ನಲ್ಲಿ ಇದೇ ಮಾಡೆಲ್ ಕಟ್ಟಿದವನು. ಇದೇ ಮೆತ್ತನೆ ಪೆಡಲ್ ಜೊತೆ ಮೂರು ವಾರಾಂತ್ಯ ಕಳೆದಿದ್ದೇನೆ.

ಆಯಿಲ್ ವಿಷಯ ಮೊದಲು ಹೇಳಿಬಿಡುತ್ತೇನೆ, ಅಷ್ಟರಲ್ಲಿ ನೀವು ಸುರಿದುಬಿಟ್ಟರೆ ಕಷ್ಟ. ಕಾರಿನ ಆಯಿಲ್ ಒಂದು ಹನಿಯೂ ಬೇಡ. ಡಾಟ್ 3, ಡಾಟ್ 4 ಇವೆಲ್ಲ ಗ್ಲೈಕಾಲ್ ಜಾತಿಯವು. ನಿಮ್ಮ ಮಾಸ್ಟರ್ ಸಿಲಿಂಡರ್ (ಪೆಡಲ್ ಒತ್ತಿದಾಗ ಎಣ್ಣೆ ತಳ್ಳುವ ಪಂಪ್) ಮತ್ತು ಕ್ಯಾಲಿಪರ್ (ಚಕ್ರದ ಡಿಸ್ಕನ್ನು ಪ್ಯಾಡ್‌ನಿಂದ ಹಿಡಿಯುವ ಭಾಗ) ಒಳಗೆ ಎಣ್ಣೆ ಸೋರದ ಹಾಗೆ ತಡೆಯುವ ಓ-ರಿಂಗ್ ನೈಟ್ರೈಲ್ ರಬ್ಬರ್‌ನದ್ದು. ಗ್ಲೈಕಾಲ್ ತಗುಲಿದರೆ ಆ ರಬ್ಬರ್ ಹಾಳಾಗುತ್ತದೆ. ಇದಕ್ಕೆ ಬೇಕಾಗಿರುವುದು ಮಿಲ್-5606 ಅಂತ ಕರೆಯುವ ಕೆಂಪು ಹೈಡ್ರಾಲಿಕ್ ಆಯಿಲ್, ಇಲ್ಲವೇ ಅದರ ಜಾಗದಲ್ಲಿ ಹಾಕಬಹುದಾದ 83282. ನಾನು ಹಾಕಿರುವುದು ಎರಡನೆಯದು. 5606ರ ಫ್ಲ್ಯಾಶ್ ಪಾಯಿಂಟ್, ಅಂದರೆ ಅದರ ಆವಿ ಕಿಡಿಗೆ ಹೊತ್ತಿಕೊಳ್ಳುವ ಬಿಸಿ, ಸುಮಾರು 82 ಡಿಗ್ರಿ ಸೆಲ್ಸಿಯಸ್. 83282ರದ್ದು 200 ಡಿಗ್ರಿಗೂ ಮೇಲೆ. ಕಾದ ಡಿಸ್ಕ್ ಪಕ್ಕದಲ್ಲೇ ಇರುವ ಎಣ್ಣೆ ಇದು, ಹಾಗಾಗಿ ಆ ವ್ಯತ್ಯಾಸ ನನಗೆ ಮುಖ್ಯ ಅನ್ನಿಸಿತು. ಕಾರಿನ ಆಯಿಲ್ ಈಗಾಗಲೇ ಹೋಗಿದ್ದರೆ ಪೈಪ್ ತೊಳೆದು, ಓ-ರಿಂಗ್ ಅಷ್ಟನ್ನೂ ಬದಲಿಸಿ, ಹೊಸದಾಗಿ ಶುರು ಮಾಡಿ. ಅರೆಬರೆ ಬೇಡ.

ಈಗ ಪೆಡಲ್. ಸ್ಪ್ಯಾನರ್ ಕೈಗೆ ತೆಗೆದುಕೊಳ್ಳುವ ಮೊದಲು ಒಂದು ಪರೀಕ್ಷೆ ಮಾಡಿ. ಎರಡು ಸೀಟಿಗೂ ಬ್ರೇಕ್ ಹಾಕಿದ್ದೀರಿ ಅಲ್ವಾ? ಅಂದರೆ ಪ್ರತಿ ಸೀಟಿಗೂ ಎರಡು ಪೆಡಲ್, ಎಡ ಚಕ್ರಕ್ಕೊಂದು, ಬಲ ಚಕ್ರಕ್ಕೊಂದು. ಅದರಲ್ಲಿ ಎಣ್ಣೆ ಹರಿಯುವ ದಾರಿ ಒಂದೇ ಸಾಲು: ಫೈರ್‌ವಾಲ್ (ಎಂಜಿನ್ ಮತ್ತು ಸೀಟುಗಳ ನಡುವಿನ ಗೋಡೆ) ಮೇಲಿನ ಎಣ್ಣೆ ಡಬ್ಬಿಯಿಂದ ಬಲ ಸೀಟಿನ ಮಾಸ್ಟರ್ ಸಿಲಿಂಡರ್, ಅಲ್ಲಿಂದ ಎಡ ಸೀಟಿನದು, ಅಲ್ಲಿಂದ ಚಕ್ರ. ಎಡ ಸೀಟಿನ ಪೆಡಲ್ ಒತ್ತಿದರೆ ಅದರ ಹಿಂದಿನ ದಾರಿ ಮುಚ್ಚಿಕೊಳ್ಳುತ್ತದೆ, ಒತ್ತಡ ಚಕ್ರದ ಕಡೆ ಮಾತ್ರ ಹೋಗುತ್ತದೆ. ಹಾಗಾಗಿ ಎಡ ಸೀಟಿನದು ಗಟ್ಟಿ, ಬಲ ಸೀಟಿನದು ಮಾತ್ರ ಮೆತ್ತಗೆ ಅಂತಾದರೆ, ಗಾಳಿ ಇರುವುದು ಎರಡು ಸಿಲಿಂಡರ್‌ಗಳ ನಡುವಿನ ಪೈಪ್‌ನಲ್ಲಿ. ಎರಡೂ ಮೆತ್ತಗಿದ್ದರೆ ಎಡ ಸಿಲಿಂಡರ್‌ನಿಂದ ಚಕ್ರದವರೆಗಿನ ಭಾಗ ನೋಡಿ. ಇಷ್ಟು ಗೊತ್ತಾದರೆ ಅರ್ಧ ಹುಡುಕಾಟ ಮುಗಿದ ಹಾಗೆ.

ತಿಪಟೂರಿನಲ್ಲಿ ನಮ್ಮ ಮಾವನ ಗ್ಯಾರೇಜ್ ಇತ್ತು. ಅಂಬಾಸಿಡರ್ ಕಾರಿನ ಏರ್ ತೆಗೆಯುವಾಗ ಪೆಡಲ್ ಒತ್ತುವ ಕೆಲಸ ನನ್ನದು. ಕಾರಿನ ಕೆಳಗಿನಿಂದ ಮಾವ ಕೂಗುತ್ತಿದ್ದರು, "ಹೊಡಿ, ಹೊಡಿ, ಹಂಗೇ ಹಿಡ್ಕೋ." ನನ್ನ ವಿಮಾನಕ್ಕೂ ಹಾಗೇ ಮಾಡಿದೆ, ಫಲ ಸಿಗಲಿಲ್ಲ. ಕಾರಣ ಸುಲಭ. ಈ ಮಾಸ್ಟರ್ ಸಿಲಿಂಡರ್ ತುಂಬ ಚಿಕ್ಕದು, ಒಂದು ಸಲ ಒತ್ತಿದರೆ ಸ್ವಲ್ಪವೇ ಎಣ್ಣೆ ಹೋಗುತ್ತದೆ. ಪೈಪ್ ಕಾಲಿಂಚಿನದು, ಉದ್ದ. ಗುಳ್ಳೆ ಸ್ವಲ್ಪ ಕೆಳಗಿಳಿಯುತ್ತದೆ, ಪೆಡಲ್ ಬಿಟ್ಟ ತಕ್ಷಣ ಮತ್ತೆ ಮೇಲಕ್ಕೆ ಏರುತ್ತದೆ. ನಾವು ಅದನ್ನು ಕೆಳಗೆ ತಳ್ಳುತ್ತಿದ್ದೇವೆ, ಅದು ಮೇಲಕ್ಕೆ ಹೋಗಲು ನೋಡುತ್ತಿದೆ.

ಅದಕ್ಕೇ ಎಣ್ಣೆಯನ್ನು ಚಕ್ರದ ಕಡೆಯಿಂದ ಮೇಲಕ್ಕೆ ತಳ್ಳಬೇಕು. ಪಂಪ್ ಇರುವ ಹೊಸ ಆಯಿಲ್ ಕ್ಯಾನ್ ಒಂದು ತೆಗೆದುಕೊಳ್ಳಿ. ಬೇರೆ ಎಣ್ಣೆ ಹಾಕಿದ್ದ ಹಳೆಯದು ಬೇಡ. ಅದರ ಮೂತಿಗೆ ಪಾರದರ್ಶಕ ಟ್ಯೂಬ್ ಸಿಕ್ಕಿಸಿ, ಟ್ಯೂಬ್ ತುಂಬ ಎಣ್ಣೆ ಬಂದು ಒಂದೂ ಗುಳ್ಳೆ ಕಾಣದ ಮೇಲೆ ಕ್ಯಾಲಿಪರ್‌ನ ಬ್ಲೀಡರ್ ನಿಪ್ಪಲ್‌ಗೆ ಜೋಡಿಸಿ. ನಿಪ್ಪಲ್ ಕ್ಯಾಲಿಪರ್‌ನ ಅಡಿಯಲ್ಲಿ ಇರಬೇಕು. ಅದು ಮೇಲ್ಗಡೆ ಬಂದಿದ್ದರೆ ಕ್ಯಾಲಿಪರ್ ತಿರುಗುಮುರುಗಾಗಿ ಕೂತಿದೆ ಅಂತ ಅರ್ಥ. ಮೇಲಿನ ಡಬ್ಬಿಯ ಮುಚ್ಚಳ ತೆಗೆದು, ಸುತ್ತ ಕಾಟನ್ ವೇಸ್ಟ್ ಹಾಸಿ, ಒಬ್ಬರನ್ನು ಅಲ್ಲಿ ನಿಲ್ಲಿಸಿ. ಆಮೇಲೆ ನಿಪ್ಪಲ್ ಸ್ವಲ್ಪವೇ ಸಡಿಲಿಸಿ ನಿಧಾನಕ್ಕೆ ಪಂಪ್ ಮಾಡಿ. ಮೊದಲು ಬುಳುಬುಳು ಅಂತ ಗುಳ್ಳೆ ಬರುತ್ತವೆ, ಆಮೇಲೆ ಬರೀ ಕೆಂಪು ಎಣ್ಣೆ. ಗುಳ್ಳೆ ನಿಂತ ಮೇಲೂ ಇನ್ನೊಂದು ಹತ್ತಿಪ್ಪತ್ತು ಸಲ ಪಂಪ್ ಮಾಡಿ. ನಡುವೆ ಪೈಪ್ ಎಲ್ಲಾದರೂ ಗೂನು ಬಿದ್ದಿದ್ದರೆ ಅಲ್ಲಿ ಅಡಗಿರುವ ಗಾಳಿ ಕೊನೆಯಲ್ಲಿ ಬರುತ್ತದೆ. ಮುಗಿದ ಮೇಲೆ ಡಬ್ಬಿಯನ್ನು ಗಂಟಲವರೆಗೆ ತುಂಬಿಸಿ ಬಿಡಬೇಡಿ, ಎಣ್ಣೆ ಕಾದಾಗ ಹಿಗ್ಗಲು ಜಾಗ ಬೇಕು.

ಇಲ್ಲಿ ಎಲ್ಲರೂ ಎಡವುವ ಒಂದು ಜಾಗ ಇದೆ. ಪೆಡಲ್‌ಗಳು ಪೂರ್ತಿ ಹಿಂದಕ್ಕೆ ಬಂದಿರಬೇಕು. ಮಾಸ್ಟರ್ ಸಿಲಿಂಡರ್‌ನ ಸರಳು ಪೂರ್ತಿ ಹೊರಗೆ ಬಂದಾಗ ಮಾತ್ರ ಒಳಗಿನ ದಾರಿ ತೆರೆಯುತ್ತದೆ. ಪೆಡಲ್ ತನ್ನ ಭಾರಕ್ಕೇ ಒಂದು ಚೂರು ಮುಂದೆ ವಾಲಿದ್ದರೂ ಸಾಕು, ದಾರಿ ಮುಚ್ಚಿರುತ್ತದೆ. ಕೆಳಗಿನಿಂದ ಎಷ್ಟು ಪಂಪ್ ಮಾಡಿದರೂ ಎಣ್ಣೆ ಏರುವುದಿಲ್ಲ. ಜೋರಾಗಿ ಪಂಪ್ ಮಾಡಬೇಡಿ, ಟ್ಯೂಬ್ ಕಿತ್ತುಕೊಂಡು ಮೈಮೇಲೆಲ್ಲ ಎಣ್ಣೆ. ನಾಲ್ಕೂ ಪೆಡಲ್‌ಗಳನ್ನು ದಾರದಿಂದ ಹಿಂದಕ್ಕೆ ಎಳೆದು ಸೀಟಿನ ಕಡೆ ಕಟ್ಟಿ, ಆಮೇಲೆ ಶುರು ಮಾಡಿ. ಮುಂದೆ ವಿಮಾನವನ್ನು ನೆಲದ ಮೇಲೆ ಓಡಿಸುವಾಗಲೂ ಇದೇ ತೊಂದರೆ ಬೇರೆ ರೂಪದಲ್ಲಿ ಬರುತ್ತದೆ. ದಾರಿ ಮುಚ್ಚಿದ್ದರೆ ಒತ್ತಡ ಇಳಿಯುವುದಿಲ್ಲ, ಪ್ಯಾಡ್ ಡಿಸ್ಕ್‌ಗೆ ಉಜ್ಜುತ್ತಲೇ ಇರುತ್ತದೆ. ನಾನು ಪ್ರತಿ ಪೆಡಲ್‌ಗೂ ಒಂದೊಂದು ರಿಟರ್ನ್ ಸ್ಪ್ರಿಂಗ್ ಹಾಕಿದೆ.

ಇಷ್ಟು ಮಾಡಿದರೂ ನನ್ನದು ಎರಡು ದಿನಕ್ಕೆ ಮತ್ತೆ ಮೆತ್ತಗಾಯಿತು. ಆಗಲೇ ಗೊತ್ತಾಗಿದ್ದು, ನನ್ನ ತೊಂದರೆ ಇದ್ದದ್ದು ಪೈಪ್‌ನ ತುದಿಯಲ್ಲಿ.

ಬಲ ಪೆಡಲ್ ಹತ್ತಿರದ ಒಂದು ನಟ್ ಅಡಿಯಲ್ಲಿ ಸಾಸಿವೆ ಕಾಳಿನಷ್ಟು ಕೆಂಪು ಹನಿ ಇತ್ತು. ಟಾರ್ಚ್ ಬಿಟ್ಟರೂ ಕಾಣುತ್ತಿರಲಿಲ್ಲ. ಬಿಳಿ ಟಿಶ್ಯೂ ಸುತ್ತಿದಾಗ ಅದರ ಮೇಲೆ ಗುಲಾಬಿ ಚುಕ್ಕೆ ಮೂಡಿತು. ನಟ್ ಬಿಚ್ಚಿ ಪೈಪ್ ಹೊರತೆಗೆದೆ. ಮನೆಯಲ್ಲಿ ವಿಮಾನ ಕಟ್ಟುವವರ ಸಂಘವಾದ ಇಎಎಯ ಶಾಖೆಯಿಂದ ಒಬ್ಬ ಟೆಕ್ನಿಕಲ್ ಕೌನ್ಸೆಲರ್, ಅಂದರೆ ಸಲಹೆ ಕೊಡುವ ಅನುಭವಸ್ಥರು, ನೋಡಲು ಬಂದಿದ್ದರು. ಅವರು ಭೂತಗನ್ನಡಿ ಹಿಡಿದು ತೋರಿಸಿದರು: ಫಿಟ್ಟಿಂಗ್ ಮೇಲೆ ಕೂರಲು ತುತ್ತೂರಿಯ ಬಾಯಿಯ ಹಾಗೆ ಅರಳಿಸಿದ ಪೈಪ್‌ನ ಅಂಚಿನಲ್ಲಿ ಕೂದಲೆಳೆಯಂಥ ಸೀಳು. ಪೈಪ್ ಕತ್ತರಿಸಿದ ಮೇಲೆ ಒಳ ಅಂಚಿನ ಚೂರುಗಳನ್ನು ನಾನು ಸರಿಯಾಗಿ ಉಜ್ಜಿರಲಿಲ್ಲ. ಅರಳಿಸುವಾಗ ಆ ಗೀರಿನಿಂದಲೇ ಸೀಳು ಹೊರಟಿತ್ತು. ನಾನು ಅವತ್ತೇ ಎಲ್ಲ ತುದಿಗಳನ್ನೂ ಬಿಚ್ಚಿ ನೋಡಿದೆ. ಇನ್ನೂ ಎರಡು ಹಾಗೇ ಇದ್ದವು.

ನಿಮ್ಮ ಪೈಪ್‌ಗಳನ್ನೂ ಹೀಗೆ ನೋಡಿ. ಪೈಪ್ ತುದಿ ಅರಳಿಸಲು ಅಂಗಡಿಯಲ್ಲಿ ಸುಲಭಕ್ಕೆ ಸಿಗುವ ಕಾರಿನ ಫ್ಲೇರಿಂಗ್ ಟೂಲ್ 45 ಡಿಗ್ರಿಯದು. ವಿಮಾನದಲ್ಲಿ ಪೈಪ್ ಜೋಡಿಸುವ ಎಎನ್ ಫಿಟ್ಟಿಂಗ್ 37 ಡಿಗ್ರಿ. ಕಣ್ಣಿಗೆ ಎರಡೂ ಒಂದೇ ಥರ ಕಂಡರೂ ಒಂದು ಇನ್ನೊಂದಕ್ಕೆ ಕೂರುವುದಿಲ್ಲ. ಪೈಪನ್ನು ಟ್ಯೂಬ್ ಕಟರ್‌ನಿಂದ ಕತ್ತರಿಸಿ, ಗರಗಸ ಬೇಡ. ಒಳಗೆ, ಹೊರಗೆ ಬೆರಳಿಗೆ ನುಣ್ಣಗೆ ಹತ್ತುವವರೆಗೂ ಉಜ್ಜಿ. ನಟ್ ಮತ್ತು ಸ್ಲೀವ್ ಮೊದಲೇ ಪೈಪ್‌ಗೆ ಹಾಕಿಕೊಳ್ಳಿ. ಟೂಲ್‌ನ ಕೋನ್‌ಗೆ ಒಂದು ಹನಿ ಎಣ್ಣೆ ಹಚ್ಚಿ ನಿಧಾನಕ್ಕೆ ಅರಳಿಸಿ. ಕಾಲಿಂಚಿನ ಮೆತ್ತನೆ ಅಲ್ಯೂಮಿನಿಯಂ ಪೈಪ್‌ನ ನಟ್‌ಗೆ ಟಾರ್ಕ್, ಅಂದರೆ ಬಿಗಿಸುವ ಬಲ, 40ರಿಂದ 65 ಇಂಚ್-ಪೌಂಡ್. ಸೋರುತ್ತಿದೆ ಅಂತ ಇನ್ನೂ ಬಿಗಿ ಮಾಡಿದರೆ ಅರಳು ತೆಳ್ಳಗಾಗಿ ಸೀಳುತ್ತದೆ. ಅರಳಿನ ಜಾಗಕ್ಕೆ ಟೆಫ್ಲಾನ್ ಟೇಪ್ ಸುತ್ತುವುದೂ ತಪ್ಪು, ಅಲ್ಲಿ ಲೋಹಕ್ಕೆ ಲೋಹವೇ ಕೂರಬೇಕು. ಸಿಲಿಂಡರ್‌ಗೆ ಹೋಗುವ ಪೈಪ್ ಥ್ರೆಡ್ ಬೇರೆ, ಅದಕ್ಕೆ ಸೀಲಂಟ್ ಪೇಸ್ಟ್ ಬೇಕು. ಮೊದಲ ಸುತ್ತು ಬಿಟ್ಟು ಹಚ್ಚಿ, ಒಳಗೆ ಹೋಗಬಾರದು. ಎಲ್ಲ ಆದ ಮೇಲೆ ಪೆಡಲ್ ಒತ್ತಿ, ಮರದ ಪಟ್ಟಿ ಆನಿಸಿ ಅರ್ಧ ಗಂಟೆ ಬಿಟ್ಟು, ಪ್ರತಿ ನಟ್‌ಗೂ ಟಿಶ್ಯೂ ಒತ್ತಿ ನೋಡಿ.

ಇಷ್ಟೆಲ್ಲ ಯಾಕೆ ಒತ್ತಿ ಹೇಳುತ್ತಿದ್ದೇನೆ ಅಂದರೆ, ನಿಮ್ಮ ವಿಮಾನಕ್ಕೆ ಬ್ರೇಕ್ ಬರೀ ನಿಲ್ಲಿಸುವುದಕ್ಕಲ್ಲ. ಮೂಗಿನ ಚಕ್ರ ತನ್ನಷ್ಟಕ್ಕೆ ತಿರುಗುವಂಥದ್ದು, ಅದಕ್ಕೆ ಸ್ಟೇರಿಂಗ್ ಇಲ್ಲ. ನಿಧಾನಕ್ಕೆ ಹೋಗುವಾಗ ಬಾಲದಲ್ಲಿರುವ ರಡ್ಡರ್‌ಗೆ ವಿಮಾನ ತಿರುಗಿಸುವಷ್ಟು ಗಾಳಿ ಸಾಲದು, ಎಡ ಬ್ರೇಕ್ ಹಿಡಿದರೆ ಎಡಕ್ಕೆ, ಬಲ ಹಿಡಿದರೆ ಬಲಕ್ಕೆ. ನಮ್ಮ ಬೆಂಗಳೂರಿನ ವಿಮಾನ ಸಂಶೋಧನಾಲಯ ಎನ್‌ಎಎಲ್‌ನವರು 1980ರ ದಶಕದಲ್ಲಿ ಅಮೆರಿಕದ ವಿಮಾನ ವಿನ್ಯಾಸಕ ಬರ್ಟ್ ರುಟಾನ್ ಅವರ ಲಾಂಗ್-ಈಝಡ್ ವಿನ್ಯಾಸದ ಮೇಲೆ ಒಂದು ಪುಟ್ಟ ವಿಮಾನ ಕಟ್ಟಿದ್ದರು. ಲಾಂಗ್-ಈಝಡ್ ನೆಲದ ಮೇಲೆ ತಿರುಗುವುದೂ ಹೀಗೇ. ಒಂದು ಬದಿಯ ಬ್ರೇಕ್ ಹೋದರೆ ಆ ಬದಿಗೆ ತಿರುಗಲು ಆಗುವುದಿಲ್ಲ. ಪಕ್ಕದ ಗಾಳಿ ಇದ್ದರೆ ರನ್‌ವೇ ಬಿಟ್ಟು ಹೋಗಬಹುದು.

ಬಿಸಿಯ ಲೆಕ್ಕವೂ ನೋಡಿ. ಪೂರ್ತಿ ತೂಕದಲ್ಲಿ ಈ ವಿಮಾನ ಸುಮಾರು 790 ಕೆ.ಜಿ. ಇಳಿದ ಮೇಲೆ 50 ನಾಟ್ ವೇಗದಲ್ಲಿ ಬ್ರೇಕ್ ಹಿಡಿದರೆ ಸುಮಾರು 260 ಕಿಲೋಜೌಲ್ ಶಕ್ತಿ ಕರಗಿಸಬೇಕು. 60 ನಾಟ್‌ನಲ್ಲಿ ಹಿಡಿದರೆ ಅದು 375 ಆಗುತ್ತದೆ. ಅದರ ಬಹುಪಾಲು ಹೋಗುವುದು ಆ ಎರಡು ಪುಟ್ಟ ಡಿಸ್ಕ್‌ಗಳಿಗೆ. ಚಕ್ರದ ಮೇಲಿನ ಕವಚ ಬಿಸಿಯನ್ನು ಒಳಗೇ ಹಿಡಿದಿಡುತ್ತದೆ. ಟ್ಯಾಕ್ಸಿ ಮಾಡುವಾಗ, ಅಂದರೆ ನೆಲದ ಮೇಲೆ ವಿಮಾನ ಓಡಿಸುವಾಗ, ಹಿಮ್ಮಡಿ ನೆಲದ ಮೇಲಿರಲಿ, ಬೇಕಾದಾಗ ಮಾತ್ರ ಪಾದ ಮೇಲೆತ್ತಿ.

ಪೆಡಲ್ ಗಟ್ಟಿಯಾದ ಮೇಲೂ ಹೊಸ ಪ್ಯಾಡ್ ತಕ್ಷಣ ಪೂರ್ತಿ ಹಿಡಿಯುವುದಿಲ್ಲ, ಅದನ್ನು ಪಳಗಿಸಬೇಕು. ನನ್ನದು ಆರ್ಗ್ಯಾನಿಕ್ ಪ್ಯಾಡ್. ಎಂಜಿನ್ 1700 ಆರ್‌ಪಿಎಂನಲ್ಲಿಟ್ಟು, ಬ್ರೇಕ್ ಎಳೆದುಕೊಂಡೇ ಗಂಟೆಗೆ 5ರಿಂದ 10 ಮೈಲಿ ವೇಗದಲ್ಲಿ 1500 ಅಡಿ ಟ್ಯಾಕ್ಸಿ ಮಾಡಿ, 10-15 ನಿಮಿಷ ಆರಲು ಬಿಟ್ಟೆ. ಆಮೇಲೆ ನಿಂತಲ್ಲೇ ಬ್ರೇಕ್ ಹಿಡಿದು ಎಂಜಿನ್ ಏರಿಸಿದೆ, ಕದಲಲಿಲ್ಲ. ಮೆಟಾಲಿಕ್ ಪ್ಯಾಡ್‌ಗೆ ಕ್ರಮ ಬೇರೆ, ಪ್ಯಾಡ್ ಜೊತೆ ಬಂದ ಕಾಗದ ನೋಡಿ.

ಎರಡು ಸೀಟಿನ ಪರೀಕ್ಷೆ ಇವತ್ತು ಸಂಜೆಯೇ ಮಾಡಿ, ನಾಲ್ಕರಲ್ಲಿ ಯಾವ ಪೆಡಲ್ ಮೆತ್ತಗಿದೆ ಅಂತ ಬರೆಯಿರಿ. ಬಲಗಾಲಿನದೋ ಎಡಗಾಲಿನದೋ ಅದೂ ಬೇಕು. ಅಷ್ಟು ಗೊತ್ತಾದರೆ ಯಾವ ನಟ್‌ನಿಂದ ಶುರು ಮಾಡಬೇಕು ಅಂತ ನಾನು ಹೇಳಬಲ್ಲೆ.