ಟೈರ್ ಹೊಸದರ ಹಾಗಿದೆ ಅಂದಿದ್ದೀರಲ್ಲ, ಅಲ್ಲೇ ಸ್ವಲ್ಪ ನಿಲ್ಲಿ

ರಾಜರಾಜೇಶ್ವರಿ ನಗರದಿಂದ ಬೆಳ್ಳಂದೂರಿಗೆ ದಿನಾ ಕಾರಲ್ಲಿ ಹೋಗಿ ಬಂದು ಸಾಕಾಗಿದೆ, ಸಹೋದ್ಯೋಗಿಯ 2015ರ ಬೈಕ್ ಸಿಗುತ್ತಿದೆ, 11 ಸಾವಿರ ಕಿಲೋಮೀಟರ್ ಮಾತ್ರ ಓಡಿದೆ, ಟೈರ್ ಹೊಸದರ ಹಾಗಿದೆ, ದಿನಕ್ಕೆ ಒಂದು ಗಂಟೆ ಉಳಿಯುತ್ತೆ, ಕಾರು ಮಾರಿಬಿಡಲಾ ಅಂತ ಕೇಳಿದ್ದೀರಿ. ಓದುತ್ತಿದ್ದಂತೆ ನನ್ನ ಎಡಭುಜ ಚುಳಕ್ ಅಂದಿತು.

2016ರಲ್ಲಿ ನಾನೂ ಇದೇ ಲೆಕ್ಕ ಹಾಕಿದ್ದೆ. ಮನೆ ವಿಜಯನಗರ, ಆಫೀಸು ಮಾರತಹಳ್ಳಿ. ಕಾರಲ್ಲಿ ಟೌನ್‌ಹಾಲ್ ದಾಟುವಷ್ಟರಲ್ಲೇ ಮುಕ್ಕಾಲು ಗಂಟೆ. ಆಮೇಲೆ ಹಳೇ ಏರ್‌ಪೋರ್ಟ್ ರಸ್ತೆ. ಕ್ಲಚ್ ತುಳಿದೂ ತುಳಿದೂ ಸಂಜೆ ಹೊತ್ತಿಗೆ ಮಂಡಿ ಹಿಡಿದುಕೊಳ್ಳುತ್ತಿತ್ತು. ಮನೆ ಸೇರುವಷ್ಟರಲ್ಲಿ ಮಗಳು ಮಲಗಿರುತ್ತಿದ್ದಳು. ಪರಿಚಯದವರೊಬ್ಬರು ವಿದೇಶಕ್ಕೆ ಹೊರಟಿದ್ದರು. ಅವರ 2009ರ 150 ಸಿಸಿ ಬೈಕು ಬೇಸ್‌ಮೆಂಟಲ್ಲಿ ಕವರ್ ಹೊದ್ದು ನಿಂತಿತ್ತು. ಓಡಿದ್ದು ಬರೀ 9 ಸಾವಿರ. ಟೈರಿನ ಗೆರೆಗಳು ಬೆರಳಿಟ್ಟರೆ ಒಳಗೆ ಹೋಗುವಷ್ಟು ಆಳ. ಆ ನವೆಂಬರಲ್ಲಿ ತಗೊಂಡೆ.

ಮೊದಲ ವಾರ ಏಳೂಕಾಲಿಗೆ ಮನೆಯಲ್ಲಿದ್ದೆ. ಮಗಳು ಗೇಟಿನ ತನಕ ಓಡಿ ಬಂದಳು. ಆ ಖುಷಿ ನಿಮಗೂ ಸಿಗಬೇಕು ಅಂತಲೇ ಇಷ್ಟು ಬರೆಯುತ್ತಿದ್ದೇನೆ.

ಈಗ ನನ್ನ ತಪ್ಪು. ಸರ್ವೀಸಿಗೆ ಬಿಟ್ಟಾಗ ನಮ್ಮ ಏರಿಯಾದ ಮೆಕ್ಯಾನಿಕ್ ಮುಂದಿನ ಟೈರಿನ ಪಕ್ಕ ಕುಕ್ಕರಗಾಲಲ್ಲಿ ಕೂತು ಹೆಬ್ಬೆರಳ ಉಗುರು ಒತ್ತಿದರು. ಉಗುರು ಇಳಿಯಲೇ ಇಲ್ಲ. "ಸಾರ್, ಇದು ಕಲ್ಲಾಗಿದೆ, ಎರಡೂ ಬದಲಾಯಿಸಿ" ಅಂದರು. "ಗೆರೆ ಇನ್ನೂ ಚೆನ್ನಾಗಿದೆಯಲ್ಲಾ" ಅಂದೆ. ಅವರು ಟೈರಿನ ಪಕ್ಕೆಯ ಮೇಲಿನ ಮಣ್ಣು ಒರೆಸಿ ನಾಲ್ಕು ಅಂಕಿ ತೋರಿಸಿದರು. 3109. ಅಂದರೆ 2009ರ 31ನೇ ವಾರ ತಯಾರಾದದ್ದು. ಏಳು ವರ್ಷ ದಾಟಿತ್ತು. ಯುಗಾದಿ ಆದ ಮೇಲೆ ಹಾಕಿಸೋಣ ಅಂದೆ. ಯುಗಾದಿ ಮುಗಿದ ಮೇಲೆ ಅವರು ಮತ್ತೆ ನೆನಪಿಸಿದರು. ಇನ್ನೊಂದು ತಿಂಗಳು ಅಂದೆ. ದುಡ್ಡಿತ್ತು. ಆದರೆ ಪೆಟ್ರೋಲಲ್ಲಿ ಉಳಿದದ್ದನ್ನೆಲ್ಲ ಒಂದು ಪುಸ್ತಕದಲ್ಲಿ ಬರೆದಿಡುತ್ತಿದ್ದೆ. ಟೈರಿಗೆ ಕೊಟ್ಟರೆ ಆ ಲೆಕ್ಕ ಕೆಡುತ್ತೆ ಅನ್ನಿಸಿತ್ತು, ಅಷ್ಟೇ.

ಇದನ್ನು ಸರಿಯಾಗಿ ಅರ್ಥ ಮಾಡಿಕೊಳ್ಳಿ. ಗೆರೆಗಳ ಕೆಲಸ ನೀರನ್ನು ಪಕ್ಕಕ್ಕೆ ತಳ್ಳುವುದು. ರಸ್ತೆಯನ್ನು ಹಿಡಿಯುವುದು ರಬ್ಬರು. ರಬ್ಬರು ಮೆತ್ತಗಿದ್ದರೆ ಡಾಂಬರಿನ ತರಿಗಳ ಸಂದಿಗೆ ಇಳಿದು ಕಚ್ಚಿಕೊಳ್ಳುತ್ತದೆ. ವರ್ಷ ಕಳೆದಂತೆ ಅದು ಗಟ್ಟಿಯಾಗುತ್ತಾ ಹೋಗುತ್ತದೆ. ಗಾಡಿ ಓಡಿಸದೆ ನಿಲ್ಲಿಸಿದರೂ ಗಟ್ಟಿಯಾಗುತ್ತದೆ. ಕಡಿಮೆ ಓಡಿದ ಹಳೇ ಬೈಕಲ್ಲೇ ಮೋಸ ಜಾಸ್ತಿ. ಗೆರೆ ಸವೆದಿರುವುದಿಲ್ಲ, ರಬ್ಬರಿಗೆ ಮಾತ್ರ ವಯಸ್ಸಾಗಿರುತ್ತದೆ. ಒಣ ರಸ್ತೆಯಲ್ಲಿ ಇದು ನಿಮಗೆ ಗೊತ್ತೇ ಆಗುವುದಿಲ್ಲ. ನನಗೂ ಆರು ತಿಂಗಳು ಗೊತ್ತಾಗಲಿಲ್ಲ.

2017ರ ಮೇ ಮೊದಲ ವಾರ. ಭರಣಿ ಮಳೆ. ಸಂಜೆ ಆರೂವರೆಗೆ ದಪ್ಪ ಹನಿ ಶುರುವಾಯಿತು. ತಿಂಗಳುಗಟ್ಟಲೆ ರಸ್ತೆ ಮೇಲೆ ಕೂತಿದ್ದ ಎಣ್ಣೆ, ಧೂಳು ಎಲ್ಲಾ ಮೊದಲ ಮಳೆಗೆ ಲೋಳೆ ಲೋಳೆ ಆಗುತ್ತದೆ. ಎಲ್ಲಾದರೂ ನಿಲ್ಲಬೇಕಿತ್ತು. ಏಳೂಕಾಲು ತಪ್ಪಬಾರದು ಅಂತ ಮುಂದೆ ಹೋದೆ. ಒಂದು ಫ್ಲೈಓವರ್ ಇಳಿಯುತ್ತಿದ್ದಾಗ ಮುಂದಿನ ಬಸ್ಸು ಬ್ರೇಕ್ ಹಾಕಿತು, ನಾನೂ ಹಾಕಿದೆ. ಸರಿಯಾಗಿ ಆಗಲೇ ಮುಂದಿನ ಚಕ್ರ ಫ್ಲೈಓವರಿನ ಜಾಯಿಂಟಿನ ಕಬ್ಬಿಣದ ಪಟ್ಟಿ ಮೇಲಿತ್ತು. ಚಕ್ರ ತಿರುಗುವುದು ನಿಂತಿತು, ಬೈಕು ನಿಲ್ಲಲಿಲ್ಲ. ಹ್ಯಾಂಡಲ್ ಕೈಯಿಂದ ಕಿತ್ತುಕೊಂಡ ಹಾಗಾಯಿತು. ಎಡಭುಜ ಊರಿ ಬಿದ್ದೆ. ವೇಗ ಮೂವತ್ತೂ ಇರಲಿಲ್ಲ. ಹಿಂದಿದ್ದ ಆಟೋದವರು ಗಾಡಿ ಅಡ್ಡ ನಿಲ್ಲಿಸಿ ನನ್ನ ಮೇಲೆ ಯಾರೂ ಹತ್ತದ ಹಾಗೆ ನೋಡಿಕೊಂಡರು. ಹೆಲ್ಮೆಟ್ಟಿನ ಎಡಗಡೆ ಕೆನ್ನೆಯ ಹತ್ತಿರ ಅಂಗೈ ಅಗಲ ಉಜ್ಜಿಹೋಗಿತ್ತು. ಅರ್ಧ ಹೆಲ್ಮೆಟ್ ಆಗಿದ್ದರೆ ಅದು ನನ್ನ ದವಡೆ.

ಕಾಲರ್ ಬೋನ್ ಮುರಿದಿತ್ತು. ಆರು ವಾರ ಕೈ ಜೋಳಿಗೆಯಲ್ಲಿ. ಮಗಳನ್ನು ಎತ್ತಿಕೊಳ್ಳಲು ಮೂರು ತಿಂಗಳು ಕಾದೆ.

ಹಾಗಾಗಿ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ದಿನಕ್ಕೆ ಎಷ್ಟು ನಿಮಿಷ ಉಳಿಯುತ್ತೆ ಅಂತ ಲೆಕ್ಕ ಹಾಕಿ ಬೈಕ್ ತಗೋಬೇಡಿ. ಹಾಗೆ ತಗೊಂಡರೆ ಪ್ರತಿ ಸಿಗ್ನಲಲ್ಲೂ ಆ ನಿಮಿಷ ಉಳಿಸಲು ಹೋಗುತ್ತೀರಿ. ಬಸ್ಸಿನ ಎಡಗಡೆ ನುಗ್ಗುತ್ತೀರಿ, ಮಳೆಯಲ್ಲಿ ನಿಲ್ಲುವುದಿಲ್ಲ. ಬೇಗ ತಲುಪಿದ ದಿನ ತಲುಪಿದಿರಿ, ಅಷ್ಟು ಸಾಕು. ಕಾರನ್ನಂತೂ ಮಾರಲೇಬೇಡಿ. ಬೆಂಗಳೂರಲ್ಲಿ ಸಂಜೆ ಮೋಡ ಕಟ್ಟುವ ತಿಂಗಳುಗಳು ಕಮ್ಮಿಯೇನಿಲ್ಲ. ಆ ದಿನಗಳಿಗೆ ಕಾರು ಇರಲಿ. ಮನೆಯವರು ಬೇಡ ಅಂತಾರೆ ಅಂತಲೂ ಬರೆದಿದ್ದೀರಿ. ಮಳೆ ದಿನ ಬೈಕ್ ತೆಗೆಯಲ್ಲ ಅಂತ ಮಾತು ಕೊಟ್ಟು ನೋಡಿ.

ಇನ್ನೊಂದು ವಿಷಯ. 125 ಸಿಸಿಗಿಂತ ದೊಡ್ಡ ಬೈಕುಗಳಿಗೆ ಎಬಿಎಸ್, ಅಂದರೆ ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ, ಕಡ್ಡಾಯ ಆದದ್ದು 2018ರ ಏಪ್ರಿಲ್‌ನಿಂದ ಹೊಸ ಮಾಡೆಲ್‌ಗಳಿಗೆ, 2019ರ ಏಪ್ರಿಲ್‌ನಿಂದ ಎಲ್ಲದಕ್ಕೂ. ನಿಮ್ಮ ಸಹೋದ್ಯೋಗಿಯ 2015ರ ಬೈಕಲ್ಲಿ ಅದು ಇಲ್ಲದಿರುವ ಸಾಧ್ಯತೆಯೇ ಜಾಸ್ತಿ. ನನ್ನನ್ನು ಕೇಳಿದರೆ 2019ರ ನಂತರದ್ದೇ ಹುಡುಕಿ. ಎಬಿಎಸ್ ಇದ್ದರೆ ಜೋರಾಗಿ ಬ್ರೇಕ್ ಹಿಡಿದಾಗ ಚಕ್ರ ಪೂರ್ತಿ ನಿಂತುಹೋಗಲು ಬಿಡುವುದಿಲ್ಲ. ಅವತ್ತು ನನ್ನ ಗಾಡಿಯಲ್ಲಿ ಇದ್ದಿದ್ದರೆ ಬಹುಶಃ ಬೀಳುತ್ತಿರಲಿಲ್ಲ. ಹಾಗಂತ ಕಲ್ಲಾದ ಟೈರಿಗೆ ಎಬಿಎಸ್ ಹಿಡಿತ ತಂದುಕೊಡಲ್ಲ.

ನಾನು ಈಗಲೂ ಬೈಕಲ್ಲೇ ಹೋಗುತ್ತೇನೆ. ಐಎಸ್‌ಐ ಗುರುತಿನ ಫುಲ್ ಫೇಸ್ ಹೆಲ್ಮೆಟ್, ಕೈಗೆ ಗ್ಲೌಸ್. ಹನಿ ಬಿದ್ದರೆ ಬಂಕ್‌ನಲ್ಲೋ ಟೀ ಅಂಗಡಿಯಲ್ಲೋ ಅರ್ಧ ಗಂಟೆ ನಿಲ್ಲುತ್ತೇನೆ. ಫ್ಲೈಓವರ್ ಕೆಳಗೆ ಗುಂಪಾಗಿ ರಸ್ತೆ ಮಧ್ಯ ನಿಲ್ಲುವವರ ಜೊತೆ ಮಾತ್ರ ನಿಲ್ಲಬೇಡಿ. ಮಳೆಗೆ ಕಣ್ಣು ಮಂಜಾದ ಡ್ರೈವರ್‌ಗೆ ನೀವು ಕಾಣುವುದಿಲ್ಲ. ಐದು ವರ್ಷ ತುಂಬಿದ ಟೈರನ್ನು ಗೆರೆ ಹೇಗೇ ಇರಲಿ, ಬದಲಾಯಿಸುತ್ತೇನೆ.

ನಾಳೆ ಆಫೀಸಲ್ಲಿ ಆ ಬೈಕಿನ ಹತ್ತಿರ ಹೋಗಿ. ಎರಡೂ ಟೈರಿನ ಪಕ್ಕೆ ಒದ್ದೆ ಬಟ್ಟೆಯಲ್ಲಿ ಒರೆಸಿ, ಮೊಬೈಲ್ ಟಾರ್ಚ್ ಹಾಕಿ ನೋಡಿ. ಇಂಗ್ಲಿಷಿನಲ್ಲಿ DOT ಅಂತ ಶುರುವಾಗುವ ಅಕ್ಷರಗಳ ಸಾಲಿನ ಕೊನೆಯಲ್ಲಿ ನಾಲ್ಕು ಅಂಕಿ ಇರುತ್ತದೆ. ಒಂದು ಪಕ್ಕೆಯಲ್ಲಿ ಕಾಣದಿದ್ದರೆ ಇನ್ನೊಂದು ಪಕ್ಕೆಯಲ್ಲಿ ಹುಡುಕಿ. ಎಷ್ಟಿದೆ ಅಂತ ಇಲ್ಲೇ ಕೆಳಗೆ ಬರೆಯಿರಿ, ನಾನು ನೋಡುತ್ತಿರುತ್ತೇನೆ.