ಎದೆಗೆ ಮೈನ್ ಕಟ್ಟಿಕೊಂಡು ಈಜಿದವರು

ಪ್ರಶ್ನೆ: ಸರ್, ನೀವು ನೌಕಾಪಡೆಯಲ್ಲಿದ್ದವರು. 1971ರ ಯುದ್ಧ ಅಂದರೆ ಎಲ್ಲರೂ ಕರಾಚಿ ಬಂದರಿನ ಮೇಲೆ ನಮ್ಮ ನೌಕಾಪಡೆ ಮಾಡಿದ ದಾಳಿಯನ್ನೇ ಹೇಳುತ್ತಾರೆ. ಕಾಲೇಜಿನ ಕ್ವಿಜ್‌ನಲ್ಲಿ ಕ್ಯಾಪ್ಟನ್ ಎಂ.ಎನ್.ಆರ್. ಸಾಮಂತ್ ಅನ್ನೋ ಹೆಸರು ಬಂತು. ಇವರು ಗೂಢಚಾರರೋ, ಸೈನಿಕರೋ?
— ಪಿಯುಸಿ ವಿದ್ಯಾರ್ಥಿನಿ, ಮುಳಬಾಗಿಲು

ಉತ್ತರ: ಎರಡೂ ಹೌದಮ್ಮಾ. ಆದರೆ ಸಿನಿಮಾದ ಗೂಢಚಾರರ ಥರ ಅಲ್ಲ. ಸಾಮಂತ್ ಸಬ್‌ಮರೀನ್ ಅಧಿಕಾರಿ. 1969ರಲ್ಲಿ ರೀಗಾದಲ್ಲಿ ಐಎನ್‌ಎಸ್ ಕರಂಜ್ ನಮ್ಮ ನೌಕಾಪಡೆಗೆ ಸೇರಿದಾಗ ಅದರ ಮೊದಲ ಕಮಾಂಡರ್ ಅವರೇ. ಎರಡು ವರ್ಷದ ನಂತರ ಅವರಿಗೆ ಬಂದ ಕೆಲಸಕ್ಕೆ ಹಡಗೇ ಇರಲಿಲ್ಲ. ಪೂರ್ವ ಪಾಕಿಸ್ತಾನದ, ಅಂದರೆ ಇಂದಿನ ಬಾಂಗ್ಲಾದೇಶದ, ಬಂಗಾಳಿ ಹುಡುಗರಿಗೆ ಹಡಗು ಮುಳುಗಿಸೋದನ್ನು ಗುಟ್ಟಾಗಿ ಕಲಿಸಬೇಕಿತ್ತು.

ಫ್ರಾನ್ಸಿನ ಟೂಲಾನ್‌ನಲ್ಲಿ ಪಾಕಿಸ್ತಾನದ ಸಬ್‌ಮರೀನ್ ಮ್ಯಾಂಗ್ರೋ ಬಿಟ್ಟು 8 ಬಂಗಾಳಿ ನಾವಿಕರು ಓಡಿಬಂದಿದ್ದರು. ಅವರೇ ಬೀಜ. ಶಿಬಿರ ಪಶ್ಚಿಮ ಬಂಗಾಳದಲ್ಲಿ, ಭಾಗೀರಥಿ ದಡದ ಪ್ಲಾಸಿಯಲ್ಲಿ. ಪಾಠದಲ್ಲಿ 1757ರ ಯುದ್ಧ ಓದಿರುತ್ತೀಯಲ್ಲ, ಅದೇ ಪ್ಲಾಸಿ. ನಮ್ಮ ಕೋಲಾರದ ಕಡೆ ಬೆನ್ನಿಗೆ ಸೋರೆಬುರುಡೆ ಕಟ್ಟಿ ಮಕ್ಕಳನ್ನು ಬಾವಿಗೆ ಬಿಡುತ್ತಿದ್ದರು, ತೇಲಲಿ ಅಂತ. ಅಲ್ಲಿ ಉಲ್ಟಾ. ನದಿ ಸೀಮೆಯ ಹುಡುಗರಿಗೆ ಈಜು ಮೊದಲೇ ಬರುತ್ತಿತ್ತು. ಎದೆಗೆ ಭಾರ ಕಟ್ಟಿಕೊಂಡು, ಕತ್ತಲಲ್ಲಿ, ಸದ್ದಿಲ್ಲದೆ ಗಂಟೆಗಟ್ಟಲೆ ಈಜೋದನ್ನು ಕಲಿಸಿದರು. ಆ ಭಾರವೇ ಲಿಂಪೆಟ್ ಮೈನ್, ಹಡಗಿನ ತಳಕ್ಕೆ ಆಯಸ್ಕಾಂತದಿಂದ ಕಚ್ಚಿಕೊಳ್ಳುವ ಬಾಂಬು. ಅದರ ಫ್ಯೂಸ್‌ನಲ್ಲಿ ನೀರಿಗೆ ಕರಗುವ ಬಿರಡೆ ಇರುತ್ತದೆ. ದಾರಿಯಲ್ಲೇ ಕರಗಿದರೆ ಈಜುವವನ ಕಥೆ ಮುಗೀತು. ಅದಕ್ಕೆ ಕಾಂಡೋಮ್ ತೊಡಿಸಿದರು. ನಗಬೇಡ, ಅದಕ್ಕಿಂತ ಒಳ್ಳೆ ಉಪಾಯ ಬೇರೆ ಯಾವುದಿತ್ತು?

ಸೂಚನೆ ಹೋಗಿದ್ದು ಆಕಾಶವಾಣಿ ಕಲ್ಕತ್ತಾದ ಹಾಡುಗಳಲ್ಲಿ. ಒಂದು ಹಾಡು ಬಂದರೆ ಸಿದ್ಧರಾಗಿ, ಇನ್ನೊಂದು ಬಂದರೆ ಹೊರಡಿ ಅಂತ. ಆಗಸ್ಟ್ 15ರ ರಾತ್ರಿ ಚಿತ್ತಗಾಂಗ್, ಮೊಂಗ್ಲಾ, ಚಾಂದ್‌ಪುರ, ನಾರಾಯಣಗಂಜ್ ಬಂದರುಗಳಲ್ಲಿ ಹಡಗುಗಳು ಸಿಡಿದವು.

ನಾನು ಸೇರಿದ್ದು ಈ ಯುದ್ಧ ಮುಗಿದ ಮೇಲೆ. ವಿಶಾಖಪಟ್ಟಣದ ಮೆಸ್‌ನಲ್ಲಿ ಹಿರಿಯರು ಕರಾಚಿ ಕಥೆ ಎಷ್ಟು ಸಲ ಹೇಳಿದರೋ! ಪ್ಲಾಸಿ ಹೆಸರು ಮಾತ್ರ ಯಾರೂ ಎತ್ತಲಿಲ್ಲ. ಕರಾಚಿಯ ಬೆಂಕಿ ಊರಿಗೆಲ್ಲ ಕಂಡಿತ್ತು, ಪ್ಲಾಸಿಯದು ಬಾಯಿಬಿಡುವ ವಿಷಯವೇ ಅಲ್ಲ. ಸಾಮಂತ್ ಹೆಸರು ಜಾಸ್ತಿ ಕೇಳದಿರುವುದಕ್ಕೆ ಇದೇ ಕಾರಣ ಅಂತ ನನ್ನ ಲೆಕ್ಕ.

ಅವರಿಗೆ ಮಹಾವೀರ ಚಕ್ರ ತಂದಿದ್ದು ಡಿಸೆಂಬರ್‌ನ ಸಾಹಸ. ಪದ್ಮಾ, ಪಲಾಶ್, ಪನ್ವೇಲ್ ಅನ್ನೋ ಸಣ್ಣ ಗನ್‌ಬೋಟ್‌ಗಳ ದಳ ಕಟ್ಟಿಕೊಂಡು ಮೊಂಗ್ಲಾ, ಖುಲ್ನಾಕ್ಕೆ ನುಗ್ಗಿದರು. 10ನೇ ತಾರೀಖು ನಮ್ಮದೇ ವಿಮಾನಗಳು ಶತ್ರು ಅಂದುಕೊಂಡು ದಾಳಿ ಮಾಡಿದವು. ಪದ್ಮಾ, ಪಲಾಶ್ ಎರಡೂ ಹೋದವು, ಜನರೂ ಸತ್ತರು. ಇದನ್ನು ಯಾವ ಕ್ವಿಜ್‌ನಲ್ಲೂ ಕೇಳೋದಿಲ್ಲ ಬಿಡು. ಸಾಮಂತ್ 2019ರವರೆಗೂ ಬದುಕಿದ್ದರು. ಪನ್ವೇಲ್ ನಡೆಸಿದ ನೊರೊನ್ಹಾ ಅವರಿಗೂ ಮಹಾವೀರ ಚಕ್ರ ಬಂತು. ಅವರ ಬಗ್ಗೆ ಇನ್ನೊಮ್ಮೆ ಕೇಳು, ಬರೀತೀನಿ.